ಅಟ್ಟದಲ್ಲಿರುವ ಸಿಮ್ ರೂಟರನ್ನು ಮನೆಯ ಕೇಬಲ್‌ಗೆ ಸೇರಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ಹತ್ತಿರ ತೋಟದ ಮನೆ. ಕಟ್ಟಿಸುವಾಗಲೇ ಎಲ್ಲ ಕೋಣೆಗೂ ಕ್ಯಾಟ್ 6 ನೆಟ್ ಕೇಬಲ್ ಎಳೆಸಿದ್ದೇವೆ, ಎಲ್ಲವೂ ಟಿವಿ ಹಿಂದಿನ ನೆಟ್‌ವರ್ಕ್ ಸ್ವಿಚ್‌ಗೆ (ಕೇಬಲ್‌ಗಳನ್ನು ಒಂದಕ್ಕೊಂದು ಸೇರಿಸುವ ಡಬ್ಬಿ) ಬಂದು ಸೇರುತ್ತವೆ. ಮೊದಲು ಫೈಬರ್ ಇತ್ತು. ಮಳೆಗಾಲ ಬಂತೆಂದರೆ ಮರ ಬಿದ್ದು ಲೈನ್ ತುಂಡಾಗುವುದು, ಸರಿ ಮಾಡಲು ಯಾರೂ ಬಾರದಿರುವುದು, ಸಾಕಾಗಿ ಹೋಯಿತು. ಈಗ 4ಜಿ ಸಿಮ್ ಹಾಕುವ ರೂಟರ್ ತಂದಿದ್ದೇವೆ. ಸಿಗ್ನಲ್ ಸಿಗುವುದು ಅಟ್ಟದ ಕಿಟಕಿ ಹತ್ತಿರ ಮಾತ್ರ. ಅಲ್ಲಿಂದ ಒಂದು ಕೇಬಲ್ ಇಳಿಸಿ ಸ್ವಿಚ್‌ಗೆ ಹಾಕಿದೆ. ಕೆಳಗೆ ವೈಫೈಗೆ ಹಳೆ ಫೈಬರ್ ರೂಟರೂ ಅದೇ ಸ್ವಿಚ್‌ನಲ್ಲಿದೆ. ಫೋನಿಗೆ ನೆಟ್ ಬಂದರೆ ಟಿವಿಗೆ ಬರುವುದಿಲ್ಲ, ರೀಸ್ಟಾರ್ಟ್ ಮಾಡಿದರೆ ಟಿವಿಗೆ ಬಂದು ಫೋನಿಗೆ ಹೋಗುತ್ತದೆ. ಹೊಸ ರೂಟರೇ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ ಮೇಡಂ. ಐಪಿ ವಿಳಾಸ (ಜಾಲದಲ್ಲಿ ಪ್ರತಿ ಸಾಧನಕ್ಕೂ ಸಿಗುವ ನಂಬರ್) ಹಂಚುವವರು ಇಬ್ಬರಾಗಿದ್ದಾರೆ, ಅಷ್ಟೇ. ಆ ಕೆಲಸಕ್ಕೆ ಡಿಎಚ್‌ಸಿಪಿ ಅನ್ನುತ್ತೇವೆ. ಹಳೆ ರೂಟರ್ ವಿಳಾಸ ಕೊಟ್ಟರೆ "ನೆಟ್ ಬೇಕಾದರೆ ನನ್ನ ಹತ್ತಿರ ಬಾ" ಅಂತಲೂ ಹೇಳುತ್ತದೆ, ಆದರೆ ಅದರ ಹತ್ತಿರ ನೆಟ್ಟೇ ಇಲ್ಲ. ಯಾವ ರೂಟರ್ ಮೊದಲು ಉತ್ತರ ಕೊಟ್ಟಿತೋ ಅದರ ಮೇಲೆ ಫೋನಿಗೋ ಟಿವಿಗೋ ಅಂತ ತೀರ್ಮಾನ ಆಗುತ್ತಿದೆ.

ಹಳೆಯದನ್ನು ಸ್ವಿಚ್‌ನಿಂದ ಬಿಡಿಸಿ, ಲ್ಯಾಪ್‌ಟಾಪ್‌ಗೆ ನೇರ ಕೇಬಲ್ ಹಾಕಿ, ಅದರ ಸೆಟ್ಟಿಂಗ್ ಪುಟಕ್ಕೆ ಹೋಗಿ. ವಿಳಾಸ, ಪಾಸ್‌ವರ್ಡ್ ಸಾಮಾನ್ಯವಾಗಿ ಕೆಳಗಿನ ಸ್ಟಿಕ್ಕರ್‌ನಲ್ಲಿರುತ್ತವೆ. ಮೊದಲು ಅದರ ಲ್ಯಾನ್ ಐಪಿ, ಅಂದರೆ ಮನೆಯೊಳಗಿನ ಜಾಲದಲ್ಲಿ ಅದರ ವಿಳಾಸ, ಬದಲಿಸಿ. ಹೊಸ ರೂಟರ್ 192.168.1.1 ಆಗಿದ್ದರೆ ಹಳೆಯದಕ್ಕೆ 192.168.1.2 ಕೊಡಿ, ಆದರೆ ಹೊಸದು ಹಂಚುವ ಪಟ್ಟಿಯಲ್ಲಿ ಆ ನಂಬರ್ ಇರಬಾರದು. ಆಮೇಲೆ ಹೊಸ ವಿಳಾಸದಲ್ಲಿ ಮತ್ತೆ ಒಳಗೆ ಹೋಗಿ ಡಿಎಚ್‌ಸಿಪಿ ಆಫ್ ಮಾಡಿ. ಈಗ ಅದರ ಲ್ಯಾನ್ ಪೋರ್ಟ್‌ನಿಂದ ಸ್ವಿಚ್‌ಗೆ ಕೇಬಲ್ ಹಾಕಿದರೆ ಅದು ಬರೀ ವೈಫೈ ಕೊಡುವ ಡಬ್ಬಿ ಆಗುತ್ತದೆ. ಹೊಸ ಐಪಿಯನ್ನು ಅದರ ಮೇಲೆಯೇ ಬರೆದು ಅಂಟಿಸಿಬಿಡಿ, ಇಲ್ಲದಿದ್ದರೆ ಮುಂದೊಮ್ಮೆ ಹುಡುಕಿ ಸುಸ್ತಾಗುತ್ತೀರಿ.

ಇನ್ನೊಬ್ಬರು: ಇಷ್ಟೆಲ್ಲ ಯಾಕೆ, ಹಳೆಯದರ ವ್ಯಾನ್ ಪೋರ್ಟ್‌ಗೆ (ಹೊರಗಿನ ನೆಟ್ ಒಳಬರುವ ಜಾಗ) ಹಾಕಿದರೆ ಆಗಲ್ವಾ?

ಉತ್ತರ: ಮಾಮೂಲಿ ವೈಫೈ ರೂಟರ್ ಆಗಿದ್ದರೆ ಆಗುತ್ತಿತ್ತು. ಇವರದು ಫೈಬರ್ ಡಬ್ಬಿ, ವ್ಯಾನ್ ಅಂದರೆ ಆ ಹಸಿರು ತಲೆಯ ಫೈಬರ್ ಸೇರುವ ಜಾಗ. ಬೇರೆ ರೂಟರ್ ಇದ್ದವರಿಗೂ ನಾನು ಇದನ್ನು ಜಾಸ್ತಿ ಹೇಳುವುದಿಲ್ಲ. ಆ ವೈಫೈನಲ್ಲಿರುವ ಫೋನುಗಳೆಲ್ಲ ಬೇರೆ ಜಾಲಕ್ಕೆ ಹೋಗುತ್ತವೆ, ಅದರಿಂದ ಫೋನಿನ ವಿಡಿಯೋ ಟಿವಿಗೆ ಕಳಿಸಲು (ಕಾಸ್ಟ್ ಮಾಡಲು) ಹೋದರೆ ಟಿವಿಯೇ ಕಾಣುವುದಿಲ್ಲ.

ಪ್ರಶ್ನೆ: ಮಾಡಿದೆ ಸರ್, ಎಲ್ಲದಕ್ಕೂ ನೆಟ್ ಬಂತು! ಇನ್ನೊಂದು. ಅಡಿಕೆ ಅಂಗಳದ ಕ್ಯಾಮೆರಾದ ರೆಕಾರ್ಡರ್ ಕೂಡ ಅದೇ ಸ್ವಿಚ್‌ನಲ್ಲಿದೆ. ಮೊದಲೆಲ್ಲ ಮಗ ಮೈಸೂರಿನಿಂದ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದವರನ್ನು ರೂಟರ್ ನೇರ ರೆಕಾರ್ಡರ್‌ಗೆ ಕಳಿಸುವ ಸೆಟ್ಟಿಂಗ್) ಮಾಡಿಕೊಂಡು ನೋಡುತ್ತಿದ್ದ, ಈಗ ಬರುತ್ತಿಲ್ಲ.

ಉತ್ತರ: 4ಜಿ ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಹೊರಗಿನ ಕಡೆಯ ವಿಳಾಸ, ನೋಡಿ. ಮೊದಲ ಚುಕ್ಕೆಗೆ ಮುಂಚಿನ ನಂಬರ್ 10 ಆಗಿದ್ದರೆ, ಅಥವಾ ವಿಳಾಸ 100.64ರಿಂದ 100.127ರೊಳಗಿದ್ದರೆ, ಅದು ಹೊರಗಿನವರಿಗೆ ಕಾಣುವ ಐಪಿ ಅಲ್ಲ. ಕಂಪನಿ ಒಂದೇ ಹೊರಗಿನ ವಿಳಾಸವನ್ನು ತುಂಬಾ ಜನರಿಗೆ ಹಂಚಿರುತ್ತದೆ, ಹಾಗಾಗಿ ಹೊರಗಿನಿಂದ ಬರುವವರಿಗೆ ನಿಮ್ಮ ಮನೆ ಸಿಗುವುದಿಲ್ಲ. ಸುಮ್ನೆ ಪೋರ್ಟ್ ಫಾರ್ವರ್ಡ್ ಜೊತೆ ಗುದ್ದಾಡಬೇಡಿ. ರೆಕಾರ್ಡರ್ ಕಂಪನಿಯ ಕ್ಲೌಡ್ ಆ್ಯಪ್ ಇದ್ದರೆ ಅದನ್ನು ಆನ್ ಮಾಡಿ, ಮಗ ಅದರಲ್ಲೇ ನೋಡಲಿ.

ಸ್ಟೇಟಸ್ ಪುಟದಲ್ಲಿರುವಾಗಲೇ ಆರ್‌ಎಸ್‌ಆರ್‌ಪಿ ಅನ್ನುವ ನಂಬರ್ ನೋಡಿ, ಅದು ಸಿಗ್ನಲ್ ಎಷ್ಟು ಗಟ್ಟಿ ಅಂತ ಹೇಳುತ್ತದೆ. ಮೈನಸ್ 110 ಅಂದರೆ ಕಷ್ಟ, ಮೈನಸ್ 90 ಅಂದರೆ ಪರವಾಗಿಲ್ಲ. ರೂಟರನ್ನು ಕಿಟಕಿಯಲ್ಲಿ ಒಂದೊಂದು ಅಡಿ ಆಚೀಚೆ ಸರಿಸಿ ನೋಡಿ, ಸಿಗ್ನಲ್ ಕಡ್ಡಿಗಳ ಲೆಕ್ಕ ನಂಬಬೇಡಿ. ಅಂಗಳಕ್ಕೆ ಹೋಗುವ ಕೇಬಲ್ ತಾಮ್ರದ್ದಾ? ಹಾಗಿದ್ದರೆ ಏಪ್ರಿಲ್, ಮೇ ಗುಡುಗಿನ ದಿನ ಸ್ವಿಚ್‌ನಿಂದ ಅದನ್ನು ಎಳೆದಿಡಿ. ಮುಂದೆ ಹೊಸದಾಗಿ ಎಳೆಸುವುದಾದರೆ ಫೈಬರ್ ಹಾಕಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಮಾಮೂಲಿ ನೆಟ್ ಕೇಬಲ್‌ಗೆ ಜೋಡಿಸುವ ಡಬ್ಬಿ) ಇಟ್ಟರಾಯಿತು.