ಅಪ್‌ಡೇಟ್: ದೊಡ್ಡಪ್ಪನ ಮೆಡಲ್‌ಗಳ ಗುಟ್ಟು ಗೊತ್ತಾಯ್ತು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ತೀರಿಹೋದ ದೊಡ್ಡಪ್ಪನ ಮೆಡಲ್‌ಗಳು ಸಿಕ್ಕಿವೆ, ಅವರು ಯಾವ ರೆಜಿಮೆಂಟಿನಲ್ಲಿದ್ದರು ಎಂದು ತಿಳಿಯುವುದು ಹೇಗೆ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು.

ಮೆಡಲ್‌ನ ಅಂಚು ನೋಡಿ ಅಂದವರಿಗೆ ಮೊದಲ ಥ್ಯಾಂಕ್ಸ್. ಭೂತಗನ್ನಡಿ ಹಿಡಿದರೆ ನಂಬರ್, ರ‍್ಯಾಂಕ್, ಹೆಸರು, ಕೊನೆಗೆ ಎಂಇಜಿ. ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್. 1780ರಿಂದ ಇರುವ ಪಡೆ, ಕೇಂದ್ರ ಬೆಂಗಳೂರಿನ ಹಲಸೂರು ಕೆರೆ ಹತ್ತಿರ. ಅವರ ರೆಕಾರ್ಡ್ ಆಫೀಸಿಗೆ ದೊಡ್ಡಮ್ಮನ ಸಹಿ ಹಾಕಿಸಿಯೇ ಅರ್ಜಿ ಕಳಿಸಿದೆವು. ಇಂಥದ್ದಕ್ಕೆಲ್ಲ ಹತ್ತಿರದ ವಾರಸುದಾರರೇ ಬರೆಯುವುದು ಒಳ್ಳೆಯದು.

ಒಂದು ಮೆಡಲ್ ಪೂರ್ವಿ ಸ್ಟಾರ್. 1971ರ ಯುದ್ಧದಲ್ಲಿ ಪೂರ್ವದ ರಣರಂಗದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದ ಕಡೆ, ಇದ್ದವರಿಗೆ ಕೊಟ್ಟದ್ದು. ಆ ಕಡೆ ಎಲ್ಲಿ ನೋಡಿದರೂ ನದಿಗಳೇ. ಸೇತುವೆ ಕಟ್ಟುವುದು, ನೆಲದಲ್ಲಿ ಹೂತಿಟ್ಟ ಮೈನ್ (ನೆಲಬಾಂಬ್) ತೆಗೆಯುವುದು ಎಂಜಿನಿಯರ್‌ಗಳ ಕೆಲಸ. ಇದು ತಿಳಿದಾಗ ನಾನು, ದೊಡ್ಡಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮಳೆಗಾಲಕ್ಕೆ ಮುಂಚೆ ಹಳ್ಳಕ್ಕೆ ಕಾಲುಸಂಕ (ದಾಟಲು ಸಣ್ಣ ಸೇತುವೆ) ಹಾಕುತ್ತಿದ್ದವರು ದೊಡ್ಡಪ್ಪನೇ. ಅವರು ಹಾಕಿದ ಸಂಕ ಕೊಚ್ಚಿಹೋಗುತ್ತಿರಲಿಲ್ಲ. ಎಲ್ಲಿ ಕಲಿತಿರಿ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೂ "ಸುಮ್ನೆ ಅಡಿಕೆ ಸುಲಿ ಮಾರಾಯ" ಅನ್ನುತ್ತಿದ್ದರೇನೋ!

ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಹಾಕಿಸೋಣ ಅಂತ ತಮ್ಮಂದಿರು ಹೊರಟಿದ್ದರು. ದೊಡ್ಡಮ್ಮ ಬೇಡ ಅಂದರು. ನನಗೂ ಅದೇ ಸರಿ ಅನ್ನಿಸಿತು. ಡಿಸೆಂಬರ್ 16ಕ್ಕೆ, ಆ ಯುದ್ಧ ಗೆದ್ದ ನೆನಪಿನ ವಿಜಯ ದಿವಸದಂದು, ಊರ ಶಾಲೆಯ ಮಕ್ಕಳಿಗೆ ಮೆಡಲ್ ತೋರಿಸಿ ಕಥೆ ಹೇಳುತ್ತೇವೆ. ಪಾಯಸದ ಖರ್ಚು ದೊಡ್ಡಮ್ಮನದಂತೆ, ಅವರ ಪೆನ್ಷನ್ನಿನಿಂದ.