ಅಪ್‌ಡೇಟ್: ಶಾಸಕರನ್ನ ಭೇಟಿ ಮಾಡಿ ಬಂದ್ವಿ

ಸರ್ಕಾರಿ ಕಟ್ಟಡಗಳಲ್ಲಿ ವೀಲ್‌ಚೇರ್ ರ‍್ಯಾಂಪ್ ಹಾಕ್ಸಿ ಅಂತ ನಮ್ಮ ಶಾಸಕರ ಹತ್ರ ಹೇಗೆ ಕೇಳೋದು ಅಂತ ಹೋದ ತಿಂಗಳು ಕೇಳಿದ್ನಲ್ಲ, ಅದರ ಅಪ್‌ಡೇಟ್ ಇದು. ನೀವು ಹೇಳಿದ ಹಾಗೆ ಮೊದಲು ಅವರ ಪಿಎಗೆ (ಆಪ್ತ ಸಹಾಯಕರಿಗೆ) ಫೋನ್ ಮಾಡಿ ಅಧಿವೇಶನ ಇಲ್ಲದಿರೋ ವಾರದಲ್ಲೇ ಟೈಮ್ ತಗೊಂಡೆ. 15 ಜನ ಬರ್ತೀವಿ ಅಂತಿದ್ರು, ಬೇಡ ಅಂತ 4 ಜನ ಮಾತ್ರ ಹೋದ್ವಿ, ಎಲ್ರೂ ಅದೇ ಕ್ಷೇತ್ರದ ವೋಟರ್ಸು, ಅದನ್ನ ಮೊದಲ್ನೇ ಮಾತಲ್ಲೇ ಹೇಳಿದ್ವಿ.

ಸಿಕ್ಕಿದ್ದು 10 ನಿಮಿಷ, ಅದ್ರಲ್ಲೂ ಎರಡು ಸಲ ಫೋನ್ ಬಂತು. ಆದ್ರೆ ನಮ್ಮಕ್ಕ ಪೆನ್ಷನ್ ಕೆಲಸಕ್ಕೆ ಹೋದಾಗ ವೀಲ್‌ಚೇರಲ್ಲಿ ಮೆಟ್ಟಿಲ ಕೆಳಗೇ ಕಾದಿದ್ದನ್ನ ಹೇಳಿದ್ಮೇಲೆ ಅವರು ಫೋನ್ ಪಕ್ಕಕ್ಕಿಟ್ಟು ಪೂರ್ತಿ ಕೇಳಿಸ್ಕೊಂಡ್ರು, ನಾನು ರೆಡಿ ಮಾಡ್ಕೊಂಡಿದ್ದ ಅಂಕಿ-ಅಂಶಕ್ಕಿಂತ ಅದೇ ಜಾಸ್ತಿ ಮುಟ್ಟಿದ್ದು ಅನ್ಸತ್ತೆ. ನಾವು ಕೇಳಿದ್ದು ಒಂದೇ, ಮುಂದಿನ ಅಧಿವೇಶನದಲ್ಲಿ ಇದರ ಬಗ್ಗೆ ಪ್ರಶ್ನೆ ಹಾಕ್ತೀರಾ ಸಾರ್ ಅಂತ. "ನೋಡೋಣ" ಅಂದ್ರು. ಅಷ್ಟಕ್ಕೇ ಎದ್ದು ಬರಲಿಲ್ಲ, ಯಾವಾಗ ತಿಳಿಸ್ತೀರಾ ಅಂತ ಕೇಳಿ ಒಂದು ಡೇಟ್ ತಗೊಂಡ್ವಿ, ಒಂದು ಪುಟದ ಮನವಿ ಕೊಟ್ವಿ, ಮಾರನೇ ದಿನ ಥ್ಯಾಂಕ್ಸ್ ಹೇಳಿ ಮೇಲ್ ಹಾಕ್ದೆ.

9 ದಿನ ಆದ್ಮೇಲೆ ಪಿಎನೇ ಫೋನ್ ಮಾಡಿ, ಪ್ರಶ್ನೆ ಹೇಗಿರ್ಬೇಕು ಅಂತ ಬರೆದು ಕಳಿಸಿ ಅಂದ್ರು! ಇವತ್ತು ರಾತ್ರಿ ಅಕ್ಕನೂ ನಾನೂ ಕೂತು ಬರೀತಿದೀವಿ.