ಕುಮಟಾದಿಂದ ಗೋಕರ್ಣಕ್ಕೆ ನಡಿಗೆ: ದಾರಿ ಗೊತ್ತಿದ್ದವರು ಹೇಳಿ

ನಮಸ್ಕಾರ, ನಾನು ಶಿರಸಿಯವನು. ಡಿಸೆಂಬರಿನಲ್ಲಿ ಅಪ್ಪನ ಜೊತೆ ಕಡಲ ದಂಡೆ ಹಿಡಿದು ಕುಮಟಾದಿಂದ ಗೋಕರ್ಣಕ್ಕೆ ನಡೆಯಬೇಕು ಅಂತಿದ್ದೇನೆ. ಬಾಡ, ಕಾಗಾಲ ದಾಟಿ ಅಘನಾಶಿನಿ ಊರಿನವರೆಗೆ ಚಿಂತೆಯಿಲ್ಲ. ಅಲ್ಲಿಂದ ತದಡಿಗೆ ಹೊಳೆ ದಾಟಿಸೋ ದೋಣಿ ಸಂಜೆ ಎಷ್ಟು ಹೊತ್ತಿನವರೆಗೆ ಸಿಗುತ್ತದೆ? ತಪ್ಪಿದರೆ ಮಿರ್ಜಾನ್ ಕಡೆಯಿಂದ ಸುತ್ತು ಹಾಕಬೇಕಲ್ವಾ. ಅಪ್ಪನಿಗೆ 62. ಕೇಳಿದರೆ ‘ನನಗೇನಾಗಿದೆ’ ಅಂತಾರೆ, ಅದು ಬೇರೆ.

ಇನ್ನೊಂದು. ಹೋದ ವರ್ಷ ಗೋಕರ್ಣದ ಓಂ ಬೀಚಿನಿಂದ ಹಾಫ್ ಮೂನ್ ಬೀಚಿಗೆ ಹೋಗೋ ಗುಡ್ಡದ ಕಾಲುದಾರಿಯಲ್ಲಿ ನಾನು ಜಾರಿ ಬಿದ್ದಿದ್ದೆ. ಚಿರೆಕಲ್ಲಿನ ಮೇಲೆ ಒಣ ಕರಡದ ಹುಲ್ಲು ಹಾಸಿತ್ತು, ಅಡಿಯಲ್ಲಿದ್ದ ಸಣ್ಣ ಹರಳು ಕಾಣಲೇ ಇಲ್ಲ. ಮೊಣಕೈ ಕೆತ್ತಿಹೋಯಿತು. ತದಡಿಯ ಆಚೆ ಬೇಲೆಕಾನದಿಂದ ಪ್ಯಾರಡೈಸ್ ಬೀಚಿಗೆ ಬರುವಾಗಲೂ ಇಂಥ ಜಾಗ ಜಾಸ್ತಿ ಇದೆಯಾ? ಭರತ (ಕಡಲ ಉಬ್ಬರ) ಇದ್ದಾಗ ಬಂಡೆ ಬುಡದಲ್ಲಿ ದಾಟೋಕಾಗುತ್ತಾ, ಗುಡ್ಡವನ್ನೇ ಹತ್ತಬೇಕಾ? ಈಚೆಗೆ ನಡೆದವರಿದ್ದರೆ ದಯವಿಟ್ಟು ತಿಳಿಸಿ.